ಸಿಪಿಯು ಫ್ಯಾನ್ ಗಲಾಟೆ: ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಫೋನ್ ಮಾಡೋ ನೆಂಟರು, ಮದುವೆಮನೇಲಿ ಪಕ್ಕದ ಎಲೆಗೆ ಕೂತು "ನೀನು ಕಂಪ್ಯೂಟರ್ ರಿಪೇರಿ ಮಾಡ್ತೀಯಂತಲ್ಲ" ಅಂತ ಶುರು ಮಾಡೋರು, ಹದಿನೈದು ಸೆಕೆಂಡ್ ಬರೀ ಬರ್ರ್ರ್ ಅನ್ನೋ ಆಡಿಯೋ ಕಳಿಸಿ "ಇದೇನು ನೋಡು" ಅನ್ನೋರು, ಎಲ್ಲರೂ ಸೇರಿ ಕೇಳಿದ ಪ್ರಶ್ನೆಗಳಿವು. ಒಂದೇ ಉತ್ತರ ಇಪ್ಪತ್ತು ಸಲ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದೀನಿ. ಪ್ರಶ್ನೆಗಳನ್ನ ಅವರು ಕೇಳಿದ ಹಾಗೇ ಇಟ್ಟಿದೀನಿ.

## ಮೊದಲು ಸೌಂಡ್ ಎಲ್ಲಿಂದ ಅಂತ ನೋಡಿ

ನಮ್ಮನೆ ಸಿಪಿಯು ಸಿಕ್ಕಾಪಟ್ಟೆ ಸೌಂಡ್ ಮಾಡ್ತಿದೆ, ಹಾಳಾಯ್ತಾ?

ಬಹುಶಃ ಇಲ್ಲ. ನಮ್ಮಲ್ಲಿ ಇಡೀ ಡಬ್ಬಕ್ಕೇ ಸಿಪಿಯು ಅಂತಾರೆ, ಮಾತಾಡೋವಾಗ ನಾನೂ ಹಂಗೇ ಅಂತೀನಿ, ಆದ್ರೆ ಇಲ್ಲಿ ಗೊಂದಲ ಬೇಡ ಅಂತ ಡಬ್ಬಕ್ಕೆ ಕ್ಯಾಬಿನೆಟ್, ಒಳಗಿರೋ ಚಿಪ್ಪಿಗೆ ಪ್ರೊಸೆಸರ್ ಅಂತ ಕರೀತೀನಿ. ಹಳೇ 60 ವ್ಯಾಟ್ ಬಲ್ಬು ಉರೀತಿರೋವಾಗ ಮುಟ್ಟಿದ್ರೆ ಕೈ ಚುರ್ ಅಂತಿತ್ತಲ್ಲ, ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರ್ ಕೆಲಸ ಮಾಡೋವಾಗ ಅಷ್ಟೇ ಕರೆಂಟ್ ತಿಂದು ಅಷ್ಟನ್ನೂ ಶಾಖ ಮಾಡಿ ಬಿಡತ್ತೆ, ಅದೂ ಉಗುರಗಲದ ಜಾಗದಲ್ಲಿ. ಆ ಶಾಖನ ಮೇಲಿರೋ ಅಲ್ಯೂಮಿನಿಯಂ ಹೀಟ್‌ಸಿಂಕ್ ಎಳ್ಕೊಳತ್ತೆ, ಹೀಟ್‌ಸಿಂಕಿಂದ ಗಾಳಿಗೆ ದಾಟಿಸೋದು ಫ್ಯಾನ್ ಕೆಲಸ. ಎಷ್ಟು ಬಿಸಿ ಇದೆ ಅಂತ ನೋಡ್ಕೊಂಡು ಎಷ್ಟು ಜೋರಾಗಿ ತಿರುಗಬೇಕು ಅಂತ ಮದರ್‌ಬೋರ್ಡ್ (ಪ್ರೊಸೆಸರ್ ಕೂರೋ ದೊಡ್ಡ ಬೋರ್ಡು) ಹೇಳತ್ತೆ.

ಹಂಗಾಗಿ ಕಾರಣ ಹೆಚ್ಚಾಗಿ ಎರಡೇ. ಒಂದೋ ಒಳಗೆ ಬಿಸಿ ಜಾಸ್ತಿಯಾಗಿ ಫ್ಯಾನು ಪಾಪ ಓಡ್ತಾ ಇದೆ, ಇಲ್ಲಾ ಫ್ಯಾನೇ ಸವೆದು ನರಳ್ತಾ ಇದೆ. ಇದರಲ್ಲಿ ಯಾವುದು ಅಂತ ತಿಳ್ಕೊಳ್ದೇ ಹೊಸ ಫ್ಯಾನ್ ತಂದು ಹಾಕಿದೋರು ಬಹಳ ಜನ, ಅವರ ಹೊಸ ಫ್ಯಾನೂ ಅಷ್ಟೇ ಜೋರಾಗಿ ಓಡ್ತಿದೆ. ನಿಜವಾಗಿ ಹೆದರಬೇಕಾಗಿರೋದು ಜೋರಾಗಿ ಕೂಗೋ ಫ್ಯಾನಿಗಲ್ಲ, ಮೊದಲು ಕೂಗ್ತಿದ್ದು ಈಗ ಇದ್ದಕ್ಕಿದ್ದಂಗೆ ಸುಮ್ಮನಾಗಿ, ಕಂಪ್ಯೂಟರ್ ತಾನಾಗೇ ಆಫ್ ಆಗೋಕೆ ಶುರುವಾಗಿದ್ರೆ ಅದಕ್ಕೆ.

ಸೌಂಡ್ ಪ್ರೊಸೆಸರ್ ಫ್ಯಾನಿಂದಲೇ ಬರ್ತಿದೆ ಅಂತ ಹೆಂಗೆ ಗೊತ್ತಾಗತ್ತೆ?

ಒಂದು ನ್ಯೂಸ್‌ಪೇಪರ್ ಕೊಳವೆ ಥರ ಸುತ್ತಿ, ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿನ ಸೈಡ್ ಬಾಗಿಲು ತೆಗೆದ ಕ್ಯಾಬಿನೆಟ್ ಹತ್ರ ಆಡಿಸಿ, ಡಾಕ್ಟ್ರು ಸ್ಟೆತಸ್ಕೋಪ್ ಇಟ್ಟಂಗೆ. ನಗಬೇಡಿ, ಇದಕ್ಕಿಂತ ಒಳ್ಳೇ ಉಪಾಯ ನಂಗೆ ಸಿಕ್ಕಿಲ್ಲ. ಪೇಪರ್ ತುದಿ ಮಾತ್ರ ರೆಕ್ಕೆಗೆ ತಾಗಬಾರದು. ಇನ್ನೂ ಅನುಮಾನ ಇದ್ರೆ ಪ್ರೊಸೆಸರ್ ಫ್ಯಾನಿನ ನಡುವೆ ಸ್ಟಿಕ್ಕರ್ ಇರತ್ತಲ್ಲ, ಅಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿ ಎರಡು ಸೆಕೆಂಡ್ ನಿಲ್ಲಿಸಿ. ರೆಕ್ಕೆ ಹಿಡೀಬೇಡಿ, ನಡುವೆ ಮಾತ್ರ. ಸೌಂಡ್ ನಿಂತ್ರೆ ಕಳ್ಳ ಸಿಕ್ಕಿದ.

ನಿಲ್ಲಲಿಲ್ಲ ಅಂದ್ರೆ ಬೇರೆಯವರನ್ನ ವಿಚಾರಿಸಿ. ಎಸ್‌ಎಂಪಿಎಸ್, ಅಂದ್ರೆ ಎಲ್ಲದಕ್ಕೂ ಕರೆಂಟ್ ಕೊಡೋ ಡಬ್ಬಿ, ಅದರೊಳಗೊಂದು ಫ್ಯಾನ್ ಇರತ್ತೆ, ಕ್ಯಾಬಿನೆಟ್ ಹಿಂದೆ ಮುಂದೆ ಇರತ್ತೆ, ಗ್ರಾಫಿಕ್ಸ್ ಕಾರ್ಡಿಗೆ ಒಂದೋ ಎರಡೋ ಮೂರೋ ಇರತ್ತೆ. ಹಳೇ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗತ್ತೆ, ಅದರ ಗುಂಯ್ ಅನ್ನೋದು ಫ್ಯಾನ್ ಥರಾನೇ ಕೇಳತ್ತೆ, ಆದ್ರೆ ಕರಕ್ ಕರಕ್ ಅಂತಿದ್ರೆ ಇದನ್ನ ಓದೋದು ಬಿಟ್ಟು ಮೊದಲು ಫೋಟೋಗಳನ್ನ ಬೇರೆ ಕಡೆ ಕಾಪಿ ಮಾಡಿ. ನಮ್ಮ ದೊಡ್ಡಪ್ಪ ಒಬ್ಬರು ತಿಪಟೂರಿಂದ ಎರಡು ತಿಂಗಳು ಬಿಡದೇ ಫೋನ್ ಮಾಡಿ ಪ್ರೊಸೆಸರ್ ಫ್ಯಾನ್ ಬದಲಾಯಿಸಬೇಕು ಅಂತಿದ್ರು, ಹೋಗಿ ನೋಡಿದ್ರೆ ಕೂಗ್ತಾ ಇದ್ದಿದ್ದು ಟೇಬಲ್ ಕೆಳಗಿನ ಯುಪಿಎಸ್.

ಎಸ್‌ಎಂಪಿಎಸ್ ಫ್ಯಾನ್ ಆಗಿದ್ರೆ ಮಾತ್ರ ದಯವಿಟ್ಟು ನೀವೇ ಆ ಡಬ್ಬಿ ಬಿಚ್ಚಬೇಡಿ. ವಯರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು.

ಕೀಂಂಂ ಅಂತ ಸಣ್ಣಗೆ ಬರತ್ತೆ, ಟಿಕ್ ಟಿಕ್ ಅಂತ ಬರತ್ತೆ, ಗರಗರ ಅಂತಾನೂ ಬರತ್ತೆ, ಯಾವುದಕ್ಕೆ ಏನು?

ಜೋರು ಗಾಳಿ ಥರ ಹೊಯ್ಯ್ ಅಂದ್ರೆ ಫ್ಯಾನು ಸರಿಯಾಗೇ ಇದೆ, ಸ್ಪೀಡ್ ಜಾಸ್ತಿ ಇದೆ, ಬಿಸಿಗೆ ಕಾರಣ ಹುಡುಕಿ. ಟಿಕ್ ಟಿಕ್ ಟಿಕ್ ಅಂತ ಲೆಕ್ಕ ಹಾಕಿದಂಗೆ ಬಂದ್ರೆ ಯಾವುದೋ ವಯರ್ ರೆಕ್ಕೆಗೆ ತಾಗ್ತಿದೆ, ಒಂದು ಟೈ ಹಾಕಿ ಪಕ್ಕಕ್ಕೆ ಕಟ್ಟಿ, ಐದು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚು. ಗರಗರ, ಕೊರಕೊರ, ಹಿಟ್ಟಿನ ಗಿರಣಿ ಥರ ಬಂದ್ರೆ ಬೇರಿಂಗ್ ಒಣಗಿದೆ ಇಲ್ಲಾ ಸವೆದಿದೆ. ಇಡೀ ಕ್ಯಾಬಿನೆಟ್ ನಡುಗಿದಂಗೆ ಗುಡುಗುಡು ಅಂತಿದ್ರೆ ರೆಕ್ಕೆ ಮುರಿದಿರಬಹುದು, ಇಲ್ಲಾ ಒಂದು ಕಡೆ ಮಾತ್ರ ಧೂಳು ಹೆಪ್ಪುಗಟ್ಟಿ ತೂಕ ಆಚೀಚೆ ಆಗಿರಬಹುದು. ರೆಕ್ಕೆ ಮುರಿದಿದ್ರೆ ಫೆವಿಕ್ವಿಕ್ ಹಾಕೋ ಆಲೋಚನೆ ಬೇಡ.

ಸೊಳ್ಳೆ ಥರ ಕೀಂಂಂ ಅನ್ನೋದು ಬೇರೇನೇ. ಮೌಸಲ್ಲಿ ಸ್ಕ್ರೋಲ್ ಮಾಡಿದಾಗ, ಗೇಮ್ ಓಪನ್ ಮಾಡಿದಾಗ ಅದರ ಧಾಟಿ ಬದಲಾದ್ರೆ ಅದು ಫ್ಯಾನಲ್ಲ, ಬೋರ್ಡಲ್ಲೋ ಗ್ರಾಫಿಕ್ಸ್ ಕಾರ್ಡಲ್ಲೋ ಇರೋ ಕಾಯಿಲ್ ಕಂಪಿಸ್ತಿರೋದು. ಅದರಿಂದ ಏನೂ ಹಾಳಾಗಲ್ಲ, ಹಂಗಂತ ಪೂರ್ತಿ ಹೋಗೋದೂ ಕಷ್ಟ.

ಬೆಳಿಗ್ಗೆ ಆನ್ ಮಾಡಿದ ತಕ್ಷಣ ಏರೋಪ್ಲೇನ್ ಥರ ಕೂಗಿ ಆಮೇಲೆ ಸುಮ್ಮನಾಗತ್ತೆ, ಪರವಾಗಿಲ್ವಾ?

ಎರಡು ಮೂರು ಸೆಕೆಂಡ್ ಆದ್ರೆ ಪರವಾಗಿಲ್ಲ. ಬಯಾಸ್ (ವಿಂಡೋಸಿಗೂ ಮುಂಚೆ ಏಳೋ, ಬೋರ್ಡಿನದೇ ಪ್ರೋಗ್ರಾಂ) ಎದ್ದು ಕಂಟ್ರೋಲ್ ತಗೊಳೋವರೆಗೆ ಫ್ಯಾನ್ ಪೂರ್ತಿ ಸ್ಪೀಡಲ್ಲಿ ಓಡತ್ತೆ. ಐದು ಹತ್ತು ನಿಮಿಷ ನರಳಿ ಆಮೇಲೆ ಸರಿಹೋದ್ರೆ, ಅದೂ ಡಿಸೆಂಬರ್ ಚಳಿಗೆ ಜಾಸ್ತಿಯಾದ್ರೆ, ಬೇರಿಂಗ್ ಒಳಗಿನ ಎಣ್ಣೆ ಗಟ್ಟಿಯಾಗಿದೆ ಅಂತ ಲೆಕ್ಕ, ಫ್ಯಾನಿನ ಆಯಸ್ಸು ಮುಗೀತಾ ಬಂತು.

ಎಷ್ಟು ಡಿಗ್ರಿ ಇದ್ರೆ ನಾರ್ಮಲ್ಲು?

ವಿಂಡೋಸಲ್ಲಿ ಎಚ್‌ಡಬ್ಲ್ಯೂಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಸಿಗತ್ತೆ, ಹಾಕಿ ನೋಡಿ. ಸುಮ್ಮನೆ ಇದ್ದಾಗ 35ರಿಂದ 50, ಕೆಲಸ ಮಾಡೋವಾಗ 65ರಿಂದ 80 ಡಿಗ್ರಿ, ಇಷ್ಟಿದ್ರೆ ತಲೆ ಕೆಡಿಸ್ಕೋಬೇಡಿ. ಇಂಟೆಲ್ ಪ್ರೊಸೆಸರ್‌ಗಳು ಹೆಚ್ಚಾಗಿ 100 ಡಿಗ್ರಿ ಮುಟ್ಟಿದಾಗ ತಾವೇ ಸ್ಪೀಡ್ ಇಳಿಸ್ಕೊಳ್ತವೆ. ಎಎಮ್‌ಡಿ ಕಂಪನಿಯ ರೈಜನ್ 7000 ಸೀರೀಸ್ ಅಂತೂ ಜೋರು ಕೆಲಸದಲ್ಲಿ 95ರವರೆಗೆ ಹೋಗೋ ಹಂಗೇ ಮಾಡಿರೋದು, ಅದನ್ನ ನೋಡಿ ಗಾಬರಿ ಆಗಬೇಡಿ.

ಇನ್ನೊಂದು, ಇಂಟರ್ನೆಟ್ಟಲ್ಲಿ ಯಾರೋ ತನ್ನದು 55 ಡಿಗ್ರಿ ಅಂತ ಹಾಕಿರ್ತಾನೆ, ಅವನ ರೂಮಲ್ಲಿ 20 ಡಿಗ್ರಿ ಇರತ್ತೆ. ರೂಮು ಎಷ್ಟು ಬಿಸಿಯೋ ಪ್ರೊಸೆಸರ್ ಅದರ ಮೇಲೆ ಕೂರೋದು. ಮಡಿಕೇರಿಯ ಜನವರಿಯಲ್ಲಿ ಸದ್ದೇ ಇಲ್ಲದ ಅದೇ ಕಂಪ್ಯೂಟರ್ ರಾಯಚೂರಿನ ಏಪ್ರಿಲ್ಲಲ್ಲಿ 40 ಡಿಗ್ರಿ ರೂಮಲ್ಲಿ ಕೂಗದೇ ಇರಲ್ಲ, ಅದು ಫ್ಯಾನಿನ ತಪ್ಪೂ ಅಲ್ಲ ನಿಮ್ಮ ತಪ್ಪೂ ಅಲ್ಲ.

ಸೈಡ್ ಬಾಗಿಲು ತೆಗೆದಿಟ್ಟು ಟೇಬಲ್ ಫ್ಯಾನ್ ಹಚ್ಚಿದ್ರೆ ಆಗಲ್ವಾ?

ಒಂದು ದಿನ ಮಾಡಿ ನೋಡಿ, ಪರೀಕ್ಷೆಗೆ. ಬಾಗಿಲು ತೆಗೆದ ಹತ್ತು ನಿಮಿಷಕ್ಕೆ ಹತ್ತು ಡಿಗ್ರಿ ಇಳಿದು ಸೌಂಡೂ ಇಳಿದ್ರೆ ಪ್ರೊಸೆಸರ್ ಫ್ಯಾನ್ ಸರಿ ಇದೆ, ಕ್ಯಾಬಿನೆಟ್ ಒಳಗೆ ಗಾಳಿ ಆಡ್ತಿಲ್ಲ ಅಂತ ಅರ್ಥ. ಏನೂ ವ್ಯತ್ಯಾಸ ಆಗಲಿಲ್ಲ ಅಂದ್ರೆ ಹೀಟ್‌ಸಿಂಕ್, ಅದಕ್ಕೂ ಪ್ರೊಸೆಸರಿಗೂ ಮಧ್ಯೆ ಹಚ್ಚಿರೋ ಥರ್ಮಲ್ ಪೇಸ್ಟ್ ಕಡೆ ನೋಡಿ. ಖಾಯಂ ಹಂಗೇ ಬಿಟ್ರೆ ಧೂಳು, ಜಿರಳೆ, ಹಲ್ಲಿ ಎಲ್ಲಾ ಸಂಸಾರ ಹೂಡ್ತವೆ.

ನಮ್ಮ ಕಡೆ ಇದಕ್ಕಿಂತ ದೊಡ್ಡ ಸಮಸ್ಯೆ ಆ ಕಂಪ್ಯೂಟರ್ ಟೇಬಲ್ಲು, ಕ್ಯಾಬಿನೆಟ್ ಇಡೋಕೆ ಅಂತಾನೇ ಮೂರು ಕಡೆ ಮುಚ್ಚಿದ ಗೂಡು ಮಾಡಿ ಅದಕ್ಕೊಂದು ಬಾಗಿಲು ಬೇರೆ. ಹಿಂದಿಂದ ಹೊರಬಂದ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಮುಂದಿಂದ ಒಳಗೆ. ಅದರ ಮೇಲೆ ಧೂಳಾಗತ್ತೆ ಅಂತ ಹೂವಿನ ಡಿಸೈನಿನ ಬಟ್ಟೆ ಕವರ್ರು, ಆನ್ ಇದ್ದಾಗಲೂ ತೆಗೆಯಲ್ಲ! ಗೂಡಿಂದ ಹೊರಗೆ ತೆಗೆದು ಗೋಡೆಯಿಂದ ಒಂದು ಗೇಣು ದೂರ ಇಡಿ, ನೆಲದ ಮೇಲಲ್ಲ, ಒಂದು ಮಣೆ ಮೇಲೆ, ಕಸ ಗುಡಿಸೋವಾಗ ಏಳೋ ಧೂಳು ನೇರ ಒಳಗೆ ಹೋಗದಂಗೆ. ಎಷ್ಟೋ ಮನೇಲಿ ನಾನು ಮಾಡಿದ್ದು ಇಷ್ಟೇ, ಕಾಫಿ ಕುಡಿದು ಬಂದೆ.

## ಧೂಳು, ಪೇಸ್ಟು, ಎಣ್ಣೆ

ಬಿಚ್ಚಿ ಕ್ಲೀನ್ ಮಾಡೋದು ನಮ್ಮಂಥೋರಿಗೆ ಆಗೋ ಕೆಲಸಾನಾ?

ಮಿಕ್ಸಿ ಬಿಚ್ಚಿ ತೊಳೆಯೋರಿಗೆ ಇದೂ ಆಗತ್ತೆ. ಕರೆಂಟ್ ವಯರ್ ಕಿತ್ತು, ಪವರ್ ಬಟನ್ ಒಂದ್ಸಲ ಒತ್ತಿ ಉಳಿದ ಚಾರ್ಜ್ ಹೋಗಲಿ ಅಂತ ಬಿಟ್ಟು, ಕ್ಯಾಬಿನೆಟ್‌ನ ಅಂಗಳಕ್ಕೋ ಟೆರೇಸಿಗೋ ತಗೊಂಡು ಹೋಗಿ. ರೂಮಲ್ಲೇ ಊದಿದ್ರೆ ಆ ಧೂಳು ಸಾಯಂಕಾಲಕ್ಕೆ ವಾಪಸ್ ಒಳಗಿರತ್ತೆ. ಮೂಗಿಗೆ ಬಟ್ಟೆ ಕಟ್ಕೊಳಿ. ಒಂದು ಇಂಚಿನ ಹೊಸ ಪೇಂಟ್ ಬ್ರಷ್, ಇದ್ರೆ ಒಂದು ಬ್ಲೋವರ್, ಅಷ್ಟೇ ಸಾಮಾನು. ಬಾಯಲ್ಲಿ ಊದಬೇಡಿ, ಎಂಜಲು ಹಾರತ್ತೆ. ಒದ್ದೆ ಬಟ್ಟೆ ಹತ್ರಾನೂ ತರಬೇಡಿ.

ಬ್ಲೋವರ್ ಹಿಡಿಯೋವಾಗ ಫ್ಯಾನ್ ತಿರುಗದಂಗೆ ಒಂದು ಬೆರಳಲ್ಲಿ ಹಿಡ್ಕೊಂಡಿರಿ. ಭರ್ರ್ ಅಂತ ತಿರುಗಿಸಿ ಮಜಾ ತಗೊಳೋಕೆ ಹೋದ್ರೆ ಅದರ ಮಿತಿಗಿಂತ ಜೋರಾಗಿ ತಿರುಗಿ ಬೇರಿಂಗ್ ಹೋಗಬಹುದು, ಆ ಸಣ್ಣ ಮೋಟರ್ ಆಗ ಡೈನಮೋ ಥರ ಕರೆಂಟನ್ನ ಬೋರ್ಡಿಗೆ ವಾಪಸ್ ತಳ್ಳಬಹುದು.

ಬಹಳ ಜನ ರೆಕ್ಕೆ ಫಳಫಳ ಒರೆಸಿ ಮುಗೀತು ಅಂತಾರೆ. ಅಸಲಿ ಕಸ ಇರೋದು ರೆಕ್ಕೆ ಕೆಳಗೆ, ಫ್ಯಾನಿಗೂ ಹೀಟ್‌ಸಿಂಕ್ ತಗಡುಗಳಿಗೂ ಮಧ್ಯೆ. ಫ್ಯಾನಿನ ನಾಲ್ಕು ಸ್ಕ್ರೂ ಅಥವಾ ಕ್ಲಿಪ್ ಬಿಚ್ಚಿ ಎತ್ತಿದ್ರೆ ಗೊತ್ತಾಗತ್ತೆ, ಹಳೇ ಕಂಬಳಿ ತುಂಡು ಹಾಸಿದಂಗೆ ಬೂದು ಬಣ್ಣದ ಪದರ ಕೂತಿರತ್ತೆ, ಉಗುರಲ್ಲಿ ತುದಿ ಎತ್ತಿದ್ರೆ ಇಡೀ ಚಾಪೆ ಒಟ್ಟಿಗೆ ಏಳತ್ತೆ. ಅದರ ಮೂಲಕ ಗಾಳಿ ಎಲ್ಲಿಂದ ಹೋಗಬೇಕು? ತಗಡುಗಳ ಸಂದಿಗೆ ತೆಂಗಿನ ಕಡ್ಡಿ ಆಡಿಸಿ. ದೇವರಮನೆ ಪಕ್ಕ, ಅಡುಗೆಮನೆ ಪಕ್ಕ ಇರೋ ಕಂಪ್ಯೂಟರಿಗೆ ಈ ಧೂಳು ಊದುಬತ್ತಿ ಹೊಗೆ, ಒಗ್ಗರಣೆ ಹೊಗೆ ಸೇರಿ ಅಂಟಂಟಾಗಿರತ್ತೆ, ಅಲ್ಲಿ ಬ್ಲೋವರ್ ಕೆಲಸ ಮಾಡಲ್ಲ, ಬ್ರಷ್ಷೇ ಬೇಕು. ಆರು ತಿಂಗಳಿಗೊಂದ್ಸಲ ಸಾಕು, ಎದುರಿಗೆ ಮನೆ ಕಟ್ತಿದ್ರೆ ಅಥವಾ ಮಣ್ಣು ರಸ್ತೆ ಇದ್ರೆ ಮೂರು ತಿಂಗಳಿಗೆ.

ಕ್ಲೀನ್ ಮಾಡಿ ವಾಪಸ್ ಹಾಕಿದ್ಮೇಲೆ ಸೌಂಡ್ ಇನ್ನೂ ಜಾಸ್ತಿ ಆಯ್ತಲ್ಲ ಮಾರಾಯ್ರೇ?

ಇಂಟೆಲ್ ಜೊತೆ ಬರೋ ಕೂಲರಾ (ಹೀಟ್‌ಸಿಂಕ್, ಫ್ಯಾನ್ ಎರಡೂ ಸೇರಿದ್ದಕ್ಕೆ ಕೂಲರ್ ಅಂತಾರೆ)? ಹಂಗಿದ್ರೆ ನಾಲ್ಕು ಪ್ಲಾಸ್ಟಿಕ್ ಕಾಲಲ್ಲಿ ಒಂದು ಕೂತಿಲ್ಲ, ಬೆಟ್ ಕಟ್ತೀನಿ. 2004ರಲ್ಲಿ ಎಲ್‌ಜಿಎ 775 ಅನ್ನೋ ಸಾಕೆಟ್ (ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ) ಜೊತೆ ಈ ಒತ್ತೋ ಕಾಲುಗಳು ಬಂದಾಗಿನಿಂದ ಜನ ಬೈತಾನೇ ಇದಾರೆ. ನಾನೇ ಅಕ್ಕನ ಮನೇಲಿ ಇದೇ ತಪ್ಪು ಮಾಡಿದೀನಿ, ಮೂರು ಕಾಲು ಟಕ್ ಅಂದ್ವು, ನಾಲ್ಕನೇದೂ ಅಂದಂಗಾಯ್ತು, ಮುಚ್ಚಿ ಆನ್ ಮಾಡಿದ್ರೆ ಹತ್ತು ನಿಮಿಷದಲ್ಲಿ 95 ಡಿಗ್ರಿ, ಫ್ಯಾನ್ ಕೂಗು ಬೀದಿಗೆ ಕೇಳತ್ತೆ, ಭಾವ ಬಾಗಿಲಲ್ಲಿ ನಿಂತು "ಮೊದಲೇ ಚೆನ್ನಾಗಿತ್ತು" ಅಂತಿದಾರೆ. ಒಂದು ಕಾಲು ಎದ್ದಿದ್ರೆ ಹೀಟ್‌ಸಿಂಕ್ ಒಂದು ಕಡೆ ಕೂದಲೆಳೆಯಷ್ಟು ಓರೆಯಾಗತ್ತೆ, ಅಷ್ಟು ಸಾಕು.

ಕಾಲಿನ ತಲೆ ಮೇಲೆ ಬಾಣದ ಗುರ್ತಿದೆ, ಆ ದಿಕ್ಕಿಗೆ ತಿರುಗಿಸೋದು ಬಿಚ್ಚೋಕೆ. ಹಾಕೋಕೆ ಮುಂಚೆ ನಾಲ್ಕನ್ನೂ ಉಲ್ಟಾ ತಿರುಗಿಸಿ ಮೊದಲಿನ ಜಾಗಕ್ಕೆ ತರಬೇಕು, ಇದನ್ನೇ ಎಲ್ಲರೂ ಮರೆಯೋದು. ಆಮೇಲೆ ಎದುರುಬದುರು ಮೂಲೆಗಳನ್ನ ಒತ್ತಿ, ಪಕ್ಕಪಕ್ಕದ್ದಲ್ಲ. ಸಾಧ್ಯವಾದ್ರೆ ಬೋರ್ಡಿನ ಹಿಂಬದಿ ನೋಡಿ, ನಾಲ್ಕೂ ತುದಿ ಒಂದೇ ಥರ ಅಗಲವಾಗಿ ಹೊರಗೆ ಬಂದಿರಬೇಕು. ಮತ್ತೆ ಫ್ಯಾನ್ ವಯರ್‌ನ ಸಿಪಿಯು ಫ್ಯಾನ್ ಅಂತ ಬರೆದಿರೋ ಪಿನ್ನಿಗೇ ಹಾಕಿದೀರಾ ಅಂತಾನೂ ನೋಡಿ.

ಥರ್ಮಲ್ ಪೇಸ್ಟ್ ಎಷ್ಟು ಹಾಕಬೇಕು? ಟೂತ್‌ಪೇಸ್ಟ್ ನಡೆಯತ್ತಾ?

ಹೆಸರುಕಾಳಿಗಿಂತ ದೊಡ್ಡದು, ಬಟಾಣಿಗಿಂತ ಚಿಕ್ಕದು, ನಡುವೆ ಒಂದು ಹನಿ. ದೋಸೆಗೆ ಬೆಣ್ಣೆ ಸವರಿದಂಗೆ ದಪ್ಪಗೆ ಬಳಿಯೋ ವಸ್ತುವಲ್ಲ ಅದು. ಲೋಹಕ್ಕೆ ಲೋಹ ತಾಗಿದ್ರೇನೇ ಶಾಖ ಚೆನ್ನಾಗಿ ಹರಿಯೋದು, ಕಣ್ಣಿಗೆ ಕಾಣದ ಗುಂಡಿಗಳಲ್ಲಿ ಗಾಳಿ ಉಳಿಯತ್ತಲ್ಲ, ಅಲ್ಲಿ ತುಂಬೋಕೆ ಮಾತ್ರ ಪೇಸ್ಟು. ಒಮ್ಮೆ ಹೀಟ್‌ಸಿಂಕ್ ಎತ್ತಿದ್ರೆ ಹಳೇದನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಹೊಸದಾಗೇ ಹಾಕಬೇಕು, ಇಲ್ಲಾಂದ್ರೆ ಮೂರ್ನಾಲ್ಕು ವರ್ಷಕ್ಕೊಂದ್ಸಲ, ಅದೂ ಬಿಸಿ ಜಾಸ್ತಿ ಆಗಿದ್ರೆ ಮಾತ್ರ.

ಟೂತ್‌ಪೇಸ್ಟ್ ನಾಲ್ಕು ದಿನ ನಡೆಯತ್ತೆ, ಆಮೇಲೆ ನೀರಿನಂಶ ಒಣಗಿ ಸುಣ್ಣದ ಚಕ್ಕೆ ಆಗತ್ತೆ, ಮೊದಲಿಗಿಂತ ಕೆಟ್ಟದು. ಇನ್ನೊಂದು ತುದಿಯಲ್ಲಿ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಹಾಕ್ತೀನಿ ಅನ್ನೋ ಹುಡುಗರು, ಅದರಲ್ಲಿರೋದು ಗ್ಯಾಲಿಯಂ, ಅಲ್ಯೂಮಿನಿಯಂ ತಾಗಿದ್ರೆ ಅದನ್ನ ಬಿಸ್ಕತ್ ಥರ ಪುಡಿ ಮಾಡಿಬಿಡತ್ತೆ. ಪ್ರೊಸೆಸರ್ ಜೊತೆ ಬರೋ ಕಂಪನಿ ಕೂಲರ್‌ಗಳ ತಳ ಬಹಳಷ್ಟು ಅಲ್ಯೂಮಿನಿಯಮ್ಮೇ.

ಫ್ಯಾನಿಗೆ ಎಣ್ಣೆ ಬಿಡಬಹುದಾ? ಮನೇಲಿ ಕೊಬ್ಬರಿ ಎಣ್ಣೆ ಇದೆ.

ಕೊಬ್ಬರಿ ಎಣ್ಣೆ ತಲೆಗೆ, ಅಡುಗೆಗೆ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗತ್ತೆ, ಬೆಂಗಳೂರಿನ ಡಿಸೆಂಬರಲ್ಲಿ ಬಾಟ್ಲಿ ಬಿಸಿಲಿಗಿಟ್ಟು ಕರಗಿಸ್ತೀವಲ್ಲ, ಅದೇ ಕಥೆ ಬೇರಿಂಗ್ ಒಳಗೂ ಆಗತ್ತೆ. ಹೊಲಿಗೆ ಮಷಿನ್ ಎಣ್ಣೆ ತಗೊಳಿ. ತುಕ್ಕು ಬಿಡಿಸೋ ಸ್ಪ್ರೇನೂ ಬೇಡ, ಅದು ಇರೋ ಜಿಡ್ಡನ್ನೂ ತೊಳೆದು ಹಾಕಿ ತಾನೂ ಬೇಗ ಆರಿಹೋಗತ್ತೆ, ಎರಡು ದಿನ ಸೈಲೆಂಟು, ಮೂರನೇ ದಿನ ಡಬಲ್ ಗಲಾಟೆ.

ಫ್ಯಾನ್ ಬಿಚ್ಚಿ, ತಿರುಗದೇ ಇರೋ ಹಿಂಬದಿಯ ಮಧ್ಯದ ಸ್ಟಿಕ್ಕರ್ ಅರ್ಧ ಮೆಲ್ಲಗೆ ಎತ್ತಿದ್ರೆ ಕೆಳಗೆ ಪುಟ್ಟ ರಬ್ಬರ್ ಮುಚ್ಚಳ ಕಾಣಬಹುದು. ತೆಗೆದು, ಒಂದೇ ಹನಿ, ಜಾಸ್ತಿ ಅಂದ್ರೆ ಎರಡು, ಬೆರಳಲ್ಲಿ ಆಚೀಚೆ ತಿರುಗಿಸಿ, ಹೆಚ್ಚಾದ್ದು ಒರೆಸಿ, ಸ್ಟಿಕ್ಕರ್ ವಾಪಸ್ ಅಂಟಿಸಿ. ಎಣ್ಣೆ ಪಸೆ ಇದ್ರೆ ಸ್ಟಿಕ್ಕರ್ ಹಿಡಿಯಲ್ಲ, ಹಿಡಿಯದಿದ್ರೆ ಎಣ್ಣೆ ನಿಲ್ಲಲ್ಲ. ರಬ್ಬರ್ ಮುಚ್ಚಳ ಇಲ್ಲ, ಎಲ್ಲಾ ಸೀಲ್ ಆಗಿದೆ ಅಂದ್ರೆ ಬಿಟ್ಟುಬಿಡಿ. ಇದರಿಂದ ಕೆಲವು ತಿಂಗಳು ಸಿಗಬಹುದು, ಹೊಸ ಫ್ಯಾನ್ ಬರೋವರೆಗೆ ಮಾಡೋ ಕೆಲಸ ಅಂದ್ಕೊಳಿ.

ಎಎಮ್‌ಡಿ ಕೂಲರ್ ಎಳೆದ್ರೆ ಪ್ರೊಸೆಸರೇ ಕಿತ್ಕೊಂಡು ಬಂತು, ಈಗೇನು?

ಎಎಮ್‌ಡಿಯ ಎಎಮ್4 ಅನ್ನೋ ಸಾಕೆಟ್ ಇರೋ ಬೋರ್ಡಲ್ಲಿ ಇದು ಮಾಮೂಲು. ಪೇಸ್ಟ್ ಗಟ್ಟಿಯಾಗಿ ಗೋಂದಾಗಿರತ್ತೆ, ಸಾಕೆಟ್ ಲಾಕ್ ಆಗಿದ್ರೂ ಚಿಪ್ ಹೊರಗೆ ಬಂದುಬಿಡತ್ತೆ. ಚಿಪ್ಪಿನ ಕೆಳಗಿನ ಪಿನ್ ಬಗ್ಗಿದ್ರೆ ಮೆಕ್ಯಾನಿಕಲ್ ಪೆನ್ಸಿಲ್ ತುದಿಯಲ್ಲಿ ನಿಧಾನಕ್ಕೆ ನೆಟ್ಟಗೆ ಮಾಡಬಹುದು, ಒಂದೇ ಸಲ ಪೂರ್ತಿ ಬಗ್ಗಿಸೋಕೆ ಹೋಗಬೇಡಿ. ಮುಂದಿನ ಸಲ ಬಿಚ್ಚೋಕೆ ಮುಂಚೆ ಹತ್ತು ನಿಮಿಷ ಏನಾದ್ರೂ ಭಾರದ ಕೆಲಸ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರ್‌ನ ನೇರ ಎಳೆಯದೇ ಎಡಕ್ಕೆ ಬಲಕ್ಕೆ ತಿರುಚುತ್ತಾ ಎತ್ತಿ. 2022ರಲ್ಲಿ ಬಂದ ಎಎಮ್5ಲ್ಲಿ ಪಿನ್ನುಗಳು ಬೋರ್ಡಲ್ಲೇ ಇವೆ, ಚಿಪ್ಪನ್ನ ಮೇಲಿಂದ ಲೋಹದ ಚೌಕಟ್ಟು ಹಿಡ್ಕೊಂಡಿರತ್ತೆ, ಹಂಗಾಗಿ ಈ ರಗಳೆ ಇಲ್ಲ.

## ಸ್ಪೀಡ್ ಹಿಡಿತಕ್ಕೆ ತರೋದು

ಏನೂ ಕೆಲಸ ಮಾಡ್ದೇ ಸುಮ್ಮನೆ ಇದ್ರೂ ಫ್ಯಾನ್ ಯಾಕೆ ಓಡತ್ತೆ?

ನೀವು ಸುಮ್ಮನಿದೀರಿ, ಕಂಪ್ಯೂಟರ್ ಸುಮ್ಮನಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದು ಸಿಪಿಯು ಅನ್ನೋ ಕಾಲಮ್ ಮೇಲೆ ಕ್ಲಿಕ್ ಮಾಡಿ, ಯಾರು ಮೇಲಿದಾರೆ ನೋಡಿ. ವಿಂಡೋಸ್ ಅಪ್‌ಡೇಟ್, ಆಂಟಿವೈರಸ್ ಸ್ಕ್ಯಾನ್ ಆಗಿದ್ರೆ ಅರ್ಧ ಗಂಟೆ ಬಿಡಿ, ಮುಗಿಸ್ಕೊಳತ್ತೆ. ಬ್ರೌಸರಲ್ಲಿ ನಲವತ್ತು ಟ್ಯಾಬ್ ಇದ್ರೆ ಅದನ್ನ ನಾನು ಹೇಳಬೇಕಾಗಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದ ತಕ್ಷಣ ಫ್ಯಾನ್ ಸುಮ್ಮನಾಗಿ, ಮುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾದ್ರೆ ಮಾತ್ರ ಹುಷಾರು, ನಿಮ್ಮ ಕರೆಂಟಲ್ಲಿ ಬೇರೆ ಯಾರೋ ಕ್ರಿಪ್ಟೋ ಕಾಯಿನ್ ಗಣಿಗಾರಿಕೆ ಮಾಡ್ತಿರಬಹುದು, ಅಂಥ ಕೆಲವು ಮಾಲ್‌ವೇರ್ ಹಿಂಗೇ ಅಡಗಿಕೊಳ್ತವೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿದ ಮನೆಗಳಲ್ಲಿ ಇದನ್ನ ನೋಡಿದೀನಿ.

ಬಯಾಸಲ್ಲಿ ಫ್ಯಾನ್ ಸ್ಪೀಡ್ ಕಮ್ಮಿ ಮಾಡಿದ್ರೆ ಪ್ರೊಸೆಸರ್ ಸುಟ್ಟುಹೋಗತ್ತಾ?

ಸುಡಲ್ಲ, ಅಷ್ಟು ಬಿಸಿ ಆಗೋಕೆ ಮುಂಚೆ ತಾನೇ ನಿಧಾನ ಆಗತ್ತೆ, ಇನ್ನೂ ಆಗಲಿಲ್ಲ ಅಂದ್ರೆ ಆಫ್ ಆಗತ್ತೆ. ನನ್ನ ಕೇಳಿದ್ರೆ ದುಡ್ಡು ಖರ್ಚಿಲ್ಲದೇ ಸೌಂಡ್ ಇಳಿಸೋಕೆ ಇದರಷ್ಟು ಒಳ್ಳೇ ದಾರಿ ಇಲ್ಲ, ಆದ್ರೆ ಜನ ಬಯಾಸ್ ಅಂದ್ರೆ ಭೂತದ ಥರ ಹೆದರ್ತಾರೆ. ಆಸುಸ್ ಬೋರ್ಡಲ್ಲಿ ಕ್ಯೂ-ಫ್ಯಾನ್, ಗಿಗಾಬೈಟಲ್ಲಿ ಸ್ಮಾರ್ಟ್ ಫ್ಯಾನ್, ಆಸ್‌ರಾಕಲ್ಲಿ ಫ್ಯಾನ್-ಟಾಸ್ಟಿಕ್ ಟ್ಯೂನಿಂಗ್ ಅಂತ ಇರತ್ತೆ. ಒಳಗೆ ಒಂದು ಗ್ರಾಫು, ಕೆಳಗೆ ಡಿಗ್ರಿ, ಪಕ್ಕದಲ್ಲಿ ಸ್ಪೀಡು. ನಾನು ಸಾಮಾನ್ಯವಾಗಿ ಇಡೋದು 50 ಡಿಗ್ರಿವರೆಗೆ 30 ಪರ್ಸೆಂಟ್, 65ಕ್ಕೆ 50, 75ಕ್ಕೆ 70, 85ಕ್ಕೆ ಪೂರ್ತಿ 100. ತೀರಾ 20ಕ್ಕಿಂತ ಕೆಳಗೆ ಇಡಬೇಡಿ, ಕೆಲವು ಫ್ಯಾನು ನಿಂತೇ ಹೋಗ್ತವೆ, ಬೋರ್ಡು ಫ್ಯಾನ್ ಎರರ್ ಅಂತ ಬೂಟ್ ಆಗೋಕೇ ಬಿಡಲ್ಲ.

ಸ್ಪೀಡ್ ಸ್ವಲ್ಪ ಇಳಿಸಿದ್ರೂ ಕಿವಿಗೆ ಎಷ್ಟು ಸಿಗತ್ತೆ ಅಂದ್ರೆ, ಫ್ಯಾನ್ ತಜ್ಞರ ಲೆಕ್ಕದಲ್ಲಿ ಸುತ್ತು ಅರ್ಧ ಆದ್ರೆ ಸುಮಾರು 15 ಡೆಸಿಬಲ್ ಇಳಿಯತ್ತೆ. 2400 ಸುತ್ತಿನ ಫ್ಯಾನ್‌ನ 1700ಕ್ಕೆ ತಂದ್ರೇ ಏಳೂವರೆ ಡೆಸಿಬಲ್ ಹೋಯ್ತು, ಬಿಸಿ ಏರೋದು ಕೆಲವೇ ಡಿಗ್ರಿ.

ಇನ್ನೊಂದು ಕಿರಿಕಿರಿ, ಫ್ಯಾನ್ ಹೊಯ್ಯ್ ಅಂತ ಏರತ್ತೆ ಇಳಿಯತ್ತೆ ಏರತ್ತೆ. ಈಗಿನ ಪ್ರೊಸೆಸರ್‌ಗಳು ಒಂದು ಪೇಜ್ ತೆಗೆದ್ರೂ ಕಣ್ಣು ಮಿಟುಕಿಸೋದ್ರಲ್ಲಿ ಹದಿನೈದು ಡಿಗ್ರಿ ಹಾರಿ ವಾಪಸ್ ಬರ್ತವೆ, ಫ್ಯಾನು ಅದರ ಹಿಂದೆ ಓಡತ್ತೆ. ಅಲ್ಲೇ ಸ್ಟೆಪ್ ಅಪ್ ಟೈಮ್, ಸ್ಮೂಥಿಂಗ್ ಅಂತ ಏನಾದ್ರೂ ಇದ್ರೆ ಆರೇಳು ಸೆಕೆಂಡ್ ಇಡಿ. ಒಂದೇ ಸಮ ಇರೋ ಸೌಂಡಿಗೆ ಕಿವಿ ಹೊಂದ್ಕೊಳತ್ತೆ, ಏರಿಳಿಯೋದಕ್ಕೆ ಹೊಂದ್ಕೊಳಲ್ಲ.

ಹೊಸ ಫ್ಯಾನ್ ಹಾಕಿದೆ, ಆದ್ರೆ ಯಾವಾಗಲೂ ಫುಲ್ ಸ್ಪೀಡಲ್ಲೇ ಓಡತ್ತೆ, ಡೂಪ್ಲಿಕೇಟ್ ಕೊಟ್ರಾ?

ವಯರಿನ ತುದಿ ನೋಡಿ, ಮೂರು ತೂತಿದ್ಯಾ ನಾಲ್ಕಿದ್ಯಾ? ನಾಲ್ಕಿದ್ರೆ ಅದರಲ್ಲಿ ಗ್ರೌಂಡ್, 12 ವೋಲ್ಟ್, ಎಷ್ಟು ಸುತ್ತು ಅಂತ ವರದಿ ಹೇಳೋ ವಯರ್, ಮತ್ತೆ ಸ್ಪೀಡಿನ ಅಪ್ಪಣೆ ತರೋ ಪಿಡಬ್ಲ್ಯೂಎಮ್ ವಯರ್. ಮೂರಿದ್ರೆ ಆ ಕೊನೇದು ಇಲ್ಲ, ಅದರ ಸ್ಪೀಡ್ ಇಳಿಸಬೇಕಂದ್ರೆ ವೋಲ್ಟೇಜನ್ನೇ ಇಳಿಸಬೇಕು. ಮೂರು ಪಿನ್ನಿನ ಫ್ಯಾನ್ ಹಾಕಿ ಬಯಾಸಲ್ಲಿ ಪಿಡಬ್ಲ್ಯೂಎಮ್ ಮೋಡ್ ಬಿಟ್ರೆ ಬೋರ್ಡು ಅಪ್ಪಣೆ ಕೊಡತ್ತೆ, ಕೇಳಿಸ್ಕೊಳೋಕೆ ಅಲ್ಲಿ ವಯರೇ ಇಲ್ಲ, ಪೂರ್ತಿ 12 ವೋಲ್ಟ್ ತಿಂದು ಓಡತ್ತೆ. ಮೋಡನ್ನ ಡಿಸಿ (ವೋಲ್ಟೇಜ್ ಇಳಿಸೋದು) ಅಂತ ಬದಲಾಯಿಸಿ, ಸರಿಹೋಗತ್ತೆ. ಅಂಗಡಿಯವನನ್ನ ಬೈಯೋಕೆ ಮುಂಚೆ ಇದನ್ನ ನೋಡಿ.

ಬಯಾಸ್ ಬೇಡಪ್ಪ, ಸಾಫ್ಟ್‌ವೇರ್ ಇಲ್ವಾ?

ವಿಂಡೋಸಿಗೆ ಫ್ಯಾನ್‌ಕಂಟ್ರೋಲ್ ಅಂತಾನೇ ಒಂದಿದೆ, ಚೆನ್ನಾಗಿದೆ. ಸ್ಪೀಡ್‌ಫ್ಯಾನ್ ಹಳೇದಾಯ್ತು, ಹೊಸ ಬೋರ್ಡುಗಳು ಅದಕ್ಕೆ ಕಾಣಲ್ಲ. ಲಿನಕ್ಸಲ್ಲಿ ಎಲ್ಎಮ್-ಸೆನ್ಸರ್ಸ್ ಹಾಕಿ ಪಿಡಬ್ಲ್ಯೂಎಮ್‌ಕಾನ್ಫಿಗ್ ಓಡಿಸಿದ್ರೆ ಅದೇ ಒಂದೊಂದು ಫ್ಯಾನ್ ನಿಲ್ಲಿಸಿ ನೋಡಿ ಕೇಳ್ತಾ ಹೋಗತ್ತೆ.

ಲ್ಯಾಪ್‌ಟಾಪ್ ಫ್ಯಾನ್ ಕೂಗಿ ಕೂಗಿ ಆನ್‌ಲೈನ್ ಮೀಟಿಂಗಲ್ಲಿ ಎಲ್ಲರೂ ಕೇಳ್ತಾರೆ, ಏನ್ ಮಾಡ್ಲಿ?

ಹಾಸಿಗೆ ಮೇಲೆ, ತೊಡೆ ಮೇಲೆ ದಿಂಬಿಟ್ಟು ಅದರ ಮೇಲೆ ಇಡೋದು ಬಿಡಿ, ಗಾಳಿ ಎಳೆಯೋ ಕಿಂಡಿ ಇರೋದೇ ಕೆಳಗೆ. ಹಿಂದಿನ ಎರಡು ಮೂಲೆಗೆ ಎರಡು ಸೋಡಾ ಬಾಟ್ಲಿ ಮುಚ್ಚಳ ಇಟ್ಟು ನೋಡಿ, ಸಾವಿರ ರೂಪಾಯಿ ಕೂಲಿಂಗ್ ಪ್ಯಾಡಿನ ಅರ್ಧ ಕೆಲಸ ಅದೇ ಮಾಡತ್ತೆ.

ಆಮೇಲೆ ವಿಂಡೋಸಿನ ಪವರ್ ಪ್ಲಾನ್ ಒಳಗೆ ಪ್ರೊಸೆಸರ್‌ನ ಗರಿಷ್ಠ ಮಿತಿ 100 ಅಂತ ಇರತ್ತೆ, ಅದನ್ನ 99 ಮಾಡಿ. ಒಂದು ಪರ್ಸೆಂಟಿಗೆ ಏನಾಗತ್ತೆ ಅನ್ಕೋಬೇಡಿ, 99 ಅಂದ ತಕ್ಷಣ ಸಾಮಾನ್ಯವಾಗಿ ಟರ್ಬೋ (ಕೆಲಸ ಬಂದಾಗ ಪ್ರೊಸೆಸರ್ ತಾನೇ ಸ್ಪೀಡ್ ಏರಿಸ್ಕೊಳೋದು) ಪೂರ್ತಿ ಬಂದ್ ಆಗತ್ತೆ, ಹತ್ತಿಪ್ಪತ್ತು ಡಿಗ್ರಿ ಇಳಿಯೋದನ್ನ ಕಣ್ಣಾರೆ ನೋಡಬಹುದು. ಟೈಪ್ ಮಾಡೋಕೆ, ಮೀಟಿಂಗಿಗೆ ಏನೂ ಕೊರತೆ ಗೊತ್ತಾಗಲ್ಲ, ವಿಡಿಯೋ ಎಡಿಟಿಂಗಿಗೆ ಮಾತ್ರ ವಾಪಸ್ ನೂರಕ್ಕಿಡಿ. ವೋಲ್ಟೇಜ್ ಇಳಿಸೋ ಹಳೇ ಉಪಾಯ ಈಗ ಬಹಳಷ್ಟು ಇಂಟೆಲ್ ಲ್ಯಾಪ್‌ಟಾಪಲ್ಲಿ ನಡೆಯಲ್ಲ, 2019ರ ಡಿಸೆಂಬರಲ್ಲಿ ಪ್ಲಂಡರ್‌ವೋಲ್ಟ್ ಅನ್ನೋ ಸೆಕ್ಯುರಿಟಿ ದೋಷ ಬಯಲಾದ್ಮೇಲೆ ಬಯಾಸ್ ಅಪ್‌ಡೇಟಲ್ಲಿ ಅದಕ್ಕೆ ಬೀಗ ಹಾಕಿದ್ರು.

ಎರಡು ಮೂರು ವರ್ಷ ಆಗಿದ್ರೆ ಒಳಗೆ ಫ್ಯಾನಿಗೂ ತಾಮ್ರದ ತಗಡುಗಳಿಗೂ ಮಧ್ಯೆ ಧೂಳಿನ ಬತ್ತಿ ಕೂತಿರತ್ತೆ. ಹೊರಗಿಂದ ಬ್ಲೋವರ್ ಹಿಡಿದ್ರೆ ಅದು ಇನ್ನೂ ಒಳಕ್ಕೆ ಹೋಗಬಹುದು, ಹಿಂಬದಿ ಬಿಚ್ಚಿಯೇ ತೆಗೀಬೇಕು. ವಾರಂಟಿ ಇದ್ರೆ ಸರ್ವಿಸ್ ಸೆಂಟರಿಗೆ ಕೊಡಿ.

ಡೆಸ್ಕ್‌ಟಾಪಲ್ಲಿ ಪ್ರೊಸೆಸರ್ ಕರೆಂಟ್ ತಿನ್ನೋದನ್ನೇ ಕಮ್ಮಿ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು ಅಂತೀನಿ. ಪ್ರೊಸೆಸರ್ ಬರೋ ಡಬ್ಬದ ಮೇಲೆ 65 ವ್ಯಾಟ್ ಅಂತ ಇದ್ರೂ ಇಂಟೆಲ್ ಐ5-12400 ಟರ್ಬೋದಲ್ಲಿ 117 ವ್ಯಾಟ್‌ವರೆಗೆ ಹೋಗತ್ತೆ, ಎಷ್ಟೋ ಬೋರ್ಡುಗಳು ಆ ಮಿತಿನೂ ತೆಗೆದು ಗೂಳಿ ಬಿಟ್ಟಂಗೆ ಬಿಟ್ಟಿರ್ತವೆ. ಬಯಾಸಲ್ಲಿ ಪವರ್ ಲಿಮಿಟ್ 1, 2 ಅಂತ ಇರೋದನ್ನ ಎರಡೂ 65ಕ್ಕೆ ಇಟ್ಟು ನೋಡಿ. ರೈಜನ್ ಇದ್ರೆ ಇಕೋ ಮೋಡ್, 105 ವ್ಯಾಟಿನ ಎಎಮ್4 ಚಿಪ್ಪು 142 ವ್ಯಾಟ್ ಎಳೀತಿದ್ದಿದ್ದು 88ಕ್ಕೆ ನಿಲ್ಲತ್ತೆ. ಕೊನೇ ಸ್ವಲ್ಪ ಸ್ಪೀಡಿಗೇ ಈ ಚಿಪ್ಪುಗಳು ಅರ್ಧ ಕರೆಂಟ್ ಸುಡೋದು, ಅದನ್ನ ಬಿಟ್ಕೊಟ್ರೆ ಫ್ಯಾನು ನಿದ್ದೆ ಮಾಡತ್ತೆ.

## ಹೊಸದು ತಗೊಳೋರಿಗೆ, ತಲೆ ಕೆಡಿಸ್ಕೊಂಡೋರಿಗೆ

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗ್ತಿದೀನಿ, ಯಾವ ಕೂಲರ್ ತರಲಿ?

ಹೋಗೋಕೆ ಮುಂಚೆ ಎರಡು ವಿಷಯ ಬರ್ಕೊಳಿ, ಸಾಕೆಟ್ ಯಾವುದು, ಕ್ಯಾಬಿನೆಟ್ ಒಳಗೆ ಎಷ್ಟು ಎತ್ತರ ಜಾಗ ಇದೆ. 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್‌ಗಳು (ಗೋಪುರದ ಥರ ಎತ್ತರಕ್ಕೆ ನಿಲ್ಲೋವು) ಸುಮಾರು 150ರಿಂದ 160 ಮಿಲಿಮೀಟರ್ ಎತ್ತರ, ತೆಳ್ಳಗಿನ ಆಫೀಸ್ ಕ್ಯಾಬಿನೆಟ್ಟಿಗೆ ಬಾಗಿಲು ಮುಚ್ಚಲ್ಲ. ಸಾಕೆಟ್ ಯಾಕಂದ್ರೆ ಇಂಟೆಲ್ ಎಲ್‌ಜಿಎ 1200ರಲ್ಲಿ ತೂತುಗಳ ಅಂತರ 75 ಮಿಲಿಮೀಟರ್ ಇದ್ದಿದ್ದು ಎಲ್‌ಜಿಎ 1700ಕ್ಕೆ 78 ಆಯ್ತು, ಮೂರೇ ಮಿಲಿಮೀಟರ್, ಆದ್ರೆ ಹಳೇ ಕೂಲರ್ ಕೂರಲ್ಲ. ಅಂಗಡಿಯಲ್ಲೇ ಡಬ್ಬ ತೆಗೆಸಿ ನಿಮ್ಮ ಸಾಕೆಟ್ಟಿನ ಕ್ಲಿಪ್ಪು ಸ್ಕ್ರೂ ಇದ್ಯಾ ನೋಡಿ, ಮನೆಗೆ ಬಂದು ನೋಡಿದ್ರೆ ಮತ್ತೆ ಮೆಜೆಸ್ಟಿಕ್ ಕಡೆ ಬಸ್ ಹತ್ತಬೇಕು.

ಬ್ರ್ಯಾಂಡಿಗಿಂತ ಸೈಜ್ ಮುಖ್ಯ. ಕಂಪನಿ ಕೂಲರಿನ ಪುಟ್ಟ ಫ್ಯಾನ್ 2500 ಸುತ್ತು ತಿರುಗಿ ತಳ್ಳೋ ಗಾಳಿನ 120 ಮಿಲಿಮೀಟರಿನದ್ದು ಅರ್ಧಕ್ಕಿಂತ ಕಮ್ಮಿ ಸುತ್ತಲ್ಲಿ ತಳ್ಳತ್ತೆ. ಎರಡು ಮೂರು ಸಾವಿರದೊಳಗೆ ನಾಲ್ಕು ತಾಮ್ರದ ಪೈಪಿನ ಟವರ್ ಕೂಲರ್ ಸಿಗತ್ತೆ, ಮನೆ ಕಂಪ್ಯೂಟರಿಗೆ ಅದಕ್ಕಿಂತ ಬೇಕಾಗಿಲ್ಲ.

ಸ್ಲೀವ್, ಬಾಲ್, ಫ್ಲೂಯಿಡ್ ಬೇರಿಂಗ್ ಅಂತಾರಲ್ಲ, ಯಾವುದು ಬೇಕು?

ಸ್ಲೀವ್ ಅಗ್ಗ, ಹೊಸದಿದ್ದಾಗ ಸೈಲೆಂಟು, ಎಣ್ಣೆ ಒಣಗಿದ್ಮೇಲೆ ಗರಗರ, ಮಲಗಿಸಿ ಹಾಕಿದ್ರೆ ಬೇಗ ಸವೆಯತ್ತೆ. ಬಾಲ್ ಬೇರಿಂಗ್ ಬಾಳಿಕೆ ಚೆನ್ನಾಗಿದೆ, ಸ್ವಲ್ಪ ಗುಂಯ್ ಅನ್ನೋದು ಮೊದಲ ದಿನದಿಂದಲೂ ಇರತ್ತೆ. ಫ್ಲೂಯಿಡ್ ಡೈನಮಿಕ್ ಎರಡರ ಒಳ್ಳೇದೂ ತಗೊಂಡಿದೆ, ದುಡ್ಡೂ ತಗೊಳತ್ತೆ. ಆಸ್ಟ್ರಿಯಾದ ನಾಕ್ಟುವಾ ಇಂಥದ್ದೇ ಬೇರಿಂಗ್ ಹಾಕಿ ಬಹಳಷ್ಟು ಫ್ಯಾನಿಗೆ ಆರು ವರ್ಷ ವಾರಂಟಿ ಕೊಡತ್ತೆ, ಬೆಲೆ ಕೇಳಿ ಕೂತ್ಕೊಬೇಕು.

ಎರಡು ಹೊಸ ಫ್ಯಾನ್ ಹಾಕಿದ್ಮೇಲೆ ಊಂ... ಊಂ... ಊಂ... ಅಂತ ಅಲೆ ಥರ ಬರ್ತಿದೆ, ಒಂದೊಂದೇ ಓಡಿಸಿದ್ರೆ ಸರಿ ಇರತ್ತೆ!

ತಂಬೂರಿ ಶ್ರುತಿ ಮಾಡೋವಾಗ ಎರಡು ತಂತಿ ಇನ್ನೇನು ಸೇರಬೇಕು ಅನ್ನೋವಾಗ ಹಿಂಗೇ ಅಲೆ ಬರತ್ತೆ ನೋಡಿ, ಅದೇ ಇದು. ಏಳು ರೆಕ್ಕೆಯ ಫ್ಯಾನ್ ಒಂದು 1200 ಸುತ್ತು, ಇನ್ನೊಂದು 1180 ತಿರುಗಿದ್ರೆ ಮೊದಲನೇದು ಸೆಕೆಂಡಿಗೆ 140 ಸಲ ಗಾಳಿ ಬಡಿಯತ್ತೆ, ಎರಡನೇದು ಸುಮಾರು 137.7, ಆ ವ್ಯತ್ಯಾಸವೇ ನಿಮಗೆ ಸೆಕೆಂಡಿಗೆ ಎರಡು ಚಿಲ್ಲರೆ ಸಲ ಊಂ ಅಂತ ಕೇಳೋದು. ಎರಡೂ ಫ್ಯಾನ್ ಸರಿಯಾಗೇ ಇವೆ. ಶ್ರುತಿ ಸೇರಿಸೋಕೆ ಹೋಗಬೇಡಿ, ಇಲ್ಲಿ ಉಲ್ಟಾ, ಅಪಶ್ರುತಿ ಮಾಡಬೇಕು. ಒಂದನ್ನ ಇನ್ನೂರು ಮುನ್ನೂರು ಸುತ್ತು ಕೆಳಗಿಳಿಸಿ, ಅಲೆ ಹೋಗತ್ತೆ. ಸ್ಕ್ರೂ ಬದಲು ರಬ್ಬರ್ ಪಿನ್ ಹಾಕಿದ್ರೆ ಕ್ಯಾಬಿನೆಟ್ ತಗಡು ಕುಣಿಯೋದೂ ತಪ್ಪತ್ತೆ.

ವಾಟರ್ ಕೂಲಿಂಗ್ ಹಾಕಿಸಿದ್ರೆ ಸೌಂಡೇ ಬರಲ್ಲ ಅಲ್ವಾ?

ಬರತ್ತೆ. ನೀರು ಶಾಖನ ರೇಡಿಯೇಟರ್‌ವರೆಗೆ ಹೊತ್ತು ತರತ್ತೆ ಅಷ್ಟೇ, ಅಲ್ಲಿಂದ ಗಾಳಿಗೆ ದಾಟಿಸೋಕೆ ಮತ್ತೆ ಫ್ಯಾನೇ ಬೇಕು, ಜೊತೆಗೆ ಪಂಪಿನ ಸೌಂಡ್ ಬೇರೆ. ಗುಳುಗುಳು ಅಂತಿದ್ರೆ ಪಂಪಿಗೆ ಗಾಳಿಗುಳ್ಳೆ ಸೇರಿದೆ, ಪಂಪು ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಮೇಲೆ ಇರದಂಗೆ ರೇಡಿಯೇಟರ್ ಕೂರಿಸಬೇಕು, ಆಗ ಗಾಳಿ ರೇಡಿಯೇಟರ್ ತುದಿಗೆ ಹೋಗಿ ನಿಲ್ಲತ್ತೆ. 200 ವ್ಯಾಟ್ ಮೇಲೆ ಎಳೆಯೋ ಪ್ರೊಸೆಸರ್ ಇದ್ರೆ ಸರಿ, ಇಲ್ಲಾಂದ್ರೆ ಆ ದುಡ್ಡಿಗೆ ಒಳ್ಳೇ ಏರ್ ಕೂಲರ್ ತಗೊಳಿ.

ಫ್ಯಾನೇ ಇಲ್ಲದ ಕಂಪ್ಯೂಟರ್ ಇದ್ಯಾ? ನಂಗೆ ಒಂಚೂರೂ ಸೌಂಡ್ ಬೇಡ.

ಇದೆ. 2020ರ ಕೊನೆಯಲ್ಲಿ ಬಂದ ಆಪಲ್‌ನ ಎಮ್1 ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪಲ್ಲಿ ಫ್ಯಾನಿಲ್ಲ, ಆಮೇಲಿನ ಏರ್‌ಗಳಲ್ಲೂ ಇಲ್ಲ. ಡೆಸ್ಕ್‌ಟಾಪಿಗೆ 2021ರಲ್ಲಿ ನಾಕ್ಟುವಾ ಎನ್‌ಎಚ್-ಪಿ1 ಅಂತ ಬರೀ ತಗಡಿನ ದೊಡ್ಡ ಕೂಲರ್ ತಂತು, ಒಂದು ಕೇಜಿಗಿಂತ ಜಾಸ್ತಿ ತೂಕ. ಸಣ್ಣ ಮಿನಿ ಪಿಸಿಗಳೂ ಇವೆ, ಅಂಗಡಿ ಬಿಲ್ಲಿಂಗಿಗೆ, ಕನ್ನಡ ಡಿಟಿಪಿಗೆ ಧಾರಾಳ ಸಾಕು. ಆದ್ರೆ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಕರೆಂಟೂ ಹೋಗಿ ಸೀಲಿಂಗ್ ಫ್ಯಾನೂ ನಿಂತಿದ್ದಾಗ ಅದರಲ್ಲಿ ವಿಡಿಯೋ ಎಡಿಟ್ ಮಾಡ್ತೀನಿ ಅಂದ್ರೆ ಅದು ಕೂಗಲ್ಲ, ಸುಮ್ಮನೆ ಎತ್ತಿನಗಾಡಿ ಆಗತ್ತೆ. ಅಂಥ ಕೆಲಸ ಇರೋರು ಒಂದು ದೊಡ್ಡ ಫ್ಯಾನನ್ನ 600 ಸುತ್ತಲ್ಲಿ ಬಿಟ್ಟುಕೊಳಿ, ಒಂದು ಮಾರು ದೂರಕ್ಕೆ ಕೇಳಿಸಲ್ಲ.